ಉಪ್ಪನ ಹತ್ತಿರ ಬೈಕ್ ಇರಲಿಲ್ಲ

ನನ್ನ ಅಪ್ಪ, ನಮ್ಮ ಮನೆಮಾತಿನಲ್ಲಿ ಉಪ್ಪ, ತೀರಿಹೋದದ್ದು ಹೇಗೆಂದು ಕೇಳಿದರೆ ನಮ್ಮವರೆಲ್ಲ ಒಂದೇ ಕಥೆ ಹೇಳುತ್ತಾರೆ. ಸಂಜೆಯ ಮಗ್ರಿಬ್ ಬಾಂಗ್ ಆದ ಹೊತ್ತು, ಮಬ್ಬು ಬೆಳಕು, ಸೈಕಲ್ಲಿಗೆ ಲೈಟಿರಲಿಲ್ಲ, ಕಾರಿನವನಿಗೆ ಕಾಣಲಿಲ್ಲ, ಅಲ್ಲಾಹನು ಬರೆದದ್ದು ಅಷ್ಟೇ ಆಯುಸ್ಸು. ಕೊನೆಯ ಮಾತಿನ ಬಗ್ಗೆ ನಾನು ವಾದಿಸುವುದಿಲ್ಲ, ಅದು ನನ್ನ ಅಳವಿಗೆ ಮೀರಿದ್ದು. ಆದರೆ ಲೈಟಿನ ಮಾತು ಸುಳ್ಳು. ಲೈಟಿತ್ತು. ನಾನೇ ತಂದುಕೊಟ್ಟದ್ದು, ಕೆಂಪಗೆ ಮಿನುಗುವಂಥದ್ದು. "ಇದೆಂತ ಮಾರಾಯ್ತಿ, ಮದುವೆಮನೆಯ ಹಾಗೆ ಮಿಣಮಿಣ! ಮದುಮಗ ಬಂದ ಅಂತ ಗಿರಾಕಿಗಳು ನಗುದಿಲ್ವಾ?" ಎಂದು ಗೊಣಗುತ್ತಲೇ ಉಪ್ಪ ಅದನ್ನು ಹಚ್ಚುತ್ತಿದ್ದರು.

ನಾವಿರುವ ಈ ಕೊಲ್ಲಿ ದೇಶದಲ್ಲಿ, ಉಮ್ ಅಲ್ ಹಸ್ಸಮ್‌ನ ಒಳರಸ್ತೆಯೊಂದರಲ್ಲಿ ಅವರ ಕೋಲ್ಡ್ ಸ್ಟೋರ್ ಇತ್ತು. ಹೆಸರು ಕೇಳಿ ಮಂಜುಗಡ್ಡೆಯ ಗೋದಾಮು ಎಂದುಕೊಳ್ಳಬೇಡಿ, ಇಲ್ಲಿ ಮೂಲೆಯ ದಿನಸಿ ಅಂಗಡಿಗೆ ಹಾಗೆನ್ನುತ್ತಾರೆ. ಗಿರಾಕಿಗಳು ಕಾರಿನಿಂದ ಇಳಿಯುವುದಿಲ್ಲ. ಹಾರ್ನ್ ಹೊಡೆದರೆ ಉಪ್ಪ ಓಡಿಹೋಗಿ ಕಿಟಕಿಗೆ ಕಿವಿಗೊಡುವರು, ಓಡಿಬಂದು ನೀರು, ಖುಬ್ಬೂಸ್ ರೊಟ್ಟಿ, ಮೊಟ್ಟೆ ಒಯ್ಯುವರು. ಮನೆಗಳಿಂದ ಫೋನ್ ಬಂದರೆ ಸೈಕಲ್. ಹಿಂದೆ ಹಾಲಿನ ಕ್ರೇಟು ಕಟ್ಟಿಕೊಂಡು, ದೊಡ್ಡ ರಸ್ತೆ ದಾಟಿ, ಆಚೆಯ ಫ್ಲ್ಯಾಟುಗಳಿಗೆ. ಆ ದೊಡ್ಡ ರಸ್ತೆಯಲ್ಲಿ ಸೈಕಲ್ ದಾಟಲೆಂದು ಒಂದು ಪಟ್ಟೆ ಬಣ್ಣವೂ ಇರಲಿಲ್ಲ. ಕಾರುಗಳ ನಡುವೆ ಸಂದು ಸಿಗುವವರೆಗೆ ಒಂದು ಕಾಲು ನೆಲಕ್ಕೂರಿ ಕಾಯಬೇಕು.

ಒಂದು ದಿನ ಊಟಕ್ಕೆ ಕೂತಾಗ ಉಪ್ಪ ನಗುತ್ತ ಶುರುಮಾಡಿದರು. "ಇವತ್ತು ಅಂಗಡಿಗೆ ನಮ್ಮ ಕನ್ನಡದ ಒಂದು ಹುಡುಗಿ ಬಂದಿದ್ದಳು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬು. 'ಸರ್, ನೀವು ಬೈಕ್ ಓಡಿಸ್ತೀರಾ?' ಅಂತ ಕೇಳಿದಳು. ಎಂತ ಬೈಕ್ ಅಮ್ಮಾ, ನನಗೆ ಲೈಸೆನ್ಸೇ ಇಲ್ಲ ಅಂದೆ. ಬೈಕ್ ಮಾರ್ಲಿಕ್ಕೆ ಬಂದದ್ದು ಕಾಣ್ತದೆ, ಪಾಪ. ಬಿಸಿಲಲ್ಲಿ ಬಾಡಿಹೋಗಿದ್ದಳು. ಕುಡಿಲಿಕ್ಕೆ ಒಂದು ಲಬನ್ ಮಜ್ಜಿಗೆ ಕೊಟ್ಟು ಕಳಿಸಿದೆ."

"ನೀವು ಬೈಕಲ್ಲಿ ಹೋಗುದನ್ನು ನೋಡ್ಲಿಕ್ಕೆ ನನಗೂ ಆಸೆ ಉಂಟು," ಎಂದರು ಉಮ್ಮ. "ಹಿಂದೆ ಕೂರುವವಳು ಯಾರು, ಅದನ್ನು ಮೊದಲು ಹೇಳಿ."

ಆ ರಾತ್ರಿ ನಾವು ನಕ್ಕಷ್ಟು ಆಮೇಲೆ ಯಾವತ್ತಾದರೂ ನಕ್ಕೆವೋ ಇಲ್ಲವೋ.

ಕೆಲವು ತಿಂಗಳ ನಂತರ ಕನ್ನಡಿಗರ ಒಂದು ಕೂಟಕ್ಕೆ ಹೋಗಿದ್ದೆ. ದಾವಣಗೆರೆ ಕಡೆಯ ಎಂಜಿನಿಯರ್ ಅಕ್ಕ ಒಬ್ಬರು ತಮ್ಮ ಕೆಲಸದ ಬಗ್ಗೆ ಮಾತಾಡಿದರು. ಇಲ್ಲಿಯ ಸರ್ಕಾರಕ್ಕೆ ಸೈಕಲ್ ಸವಾರಿಗೆ ಉತ್ತೇಜನ ಕೊಡಬೇಕಿದೆ, ಅದಕ್ಕೆ ಎಲ್ಲೆಲ್ಲಿ ದಾರಿ ಬೇಕೆಂದು ದತ್ತಾಂಶ ಸೇರಿಸಿದ್ದಾರೆ. ಪರದೆಯ ಮೇಲೆ ನಕ್ಷೆ. ಹೆಚ್ಚು ಸೈಕಲ್ ಓಡುವಲ್ಲಿ ದಪ್ಪ ನೀಲಿ ಗೆರೆ. ರಜೆಯ ಶುಕ್ರವಾರ ಬೆಳಿಗ್ಗೆ ಹೆಲ್ಮೆಟ್ ತೊಟ್ಟು, ಸವಾರಿಯನ್ನು ದಾಖಲಿಸುವ ಫೋನಿನ ಆ್ಯಪ್ ಚಾಲೂ ಮಾಡಿ ಹೊರಡುವವರ ಕಡಲದಂಡೆ ನೀಲಿಯಲ್ಲಿ ಉಬ್ಬಿಹೋಗಿತ್ತು. ಉಪ್ಪನ ರಸ್ತೆ ಮಾತ್ರ ಬೆಳ್ಳಗೆ, ಒಗೆದು ಹರವಿದ ಹಾಗೆ.

ಈಸಾ ಟೌನಿನ ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ನಮಗೆ ಕಲಿಸಿದ್ದು ಒಂದೇ ಪಾಠ: ಉತ್ತರವನ್ನು ಹೊಡೆಯಬೇಡ, ಪ್ರಶ್ನೆಯನ್ನು ಹಿಡಿ. ಎದ್ದು ನಿಂತೆ. "ಅಕ್ಕಾ, ಆ್ಯಪ್ ಇಲ್ಲದವರನ್ನು ಏನಂತ ಕೇಳಿದಿರಿ?"

"ಸಿಂಪಲ್ಲಾಗಿ ಕೇಳಿದ್ವಿ. ಅಂಗಡಿ ಅಂಗಡಿಗೆ ನಾನೇ ಹೋಗಿದ್ದೆ. ನೀವು ಬೈಕ್ ಓಡಿಸ್ತೀರಾ ಅಂತ."

ಕಾರ್ಡು, ಟ್ಯಾಬು, ಲಬನ್. ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂತು.

"ದಾವಣಗೆರೆಯಲ್ಲಿ ಬೈಕ್ ಅಂದ್ರೆ ಏನಕ್ಕಾ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನ ಕೈ ತಲೆಗೆ ಹೋಯಿತು. "ಅಯ್ಯೋ ನನ್ ಕರ್ಮವೇ. ಪೆಟ್ರೋಲ್ ಹಾಕೋದು!"

ಪ್ರಶ್ನೆ ಬರೆದವರು ಬೈಕ್ ಎಂದರೆ ಸೈಕಲ್ ಎನ್ನುವ ದೇಶದವರು. ಎಲ್ಲರಿಗೂ ಅದೇ ಪದದಲ್ಲಿ ಕೇಳಬೇಕೆಂಬುದು ಸರ್ವೆಯ ನಿಯಮ. ಅಕ್ಕ ಕನ್ನಡದಲ್ಲಿ, ಹಿಂದಿಯಲ್ಲಿ ಕೇಳುವಾಗಲೂ ಆ ಒಂದು ಪದವನ್ನು ಮುಟ್ಟದೆ ಹಾಗೆಯೇ ಇಟ್ಟಿದ್ದರು. ಮಂಗಳೂರಿನವನೂ ಢಾಕಾದವನೂ ಸೈಕಲ್ಲಿನ ಸೀಟಿನ ಮೇಲೆ ಕೂತುಕೊಂಡೇ 'ಇಲ್ಲ' ಎಂದಿರಬೇಕು. ಕೇಳಿದವಳೂ ನಮ್ಮವಳೇ, ಹೇಳಿದವರೂ ನಮ್ಮವರೇ, ನಡುವಿನ ಪದ ಮಾತ್ರ ಪರದೇಶದ್ದು.

"ಈ ಸಲದ ವರದಿ ಕಳಿಸಿ ಆಯ್ತು ಕಣೇ," ಎಂದರು ಆಮೇಲೆ, ನನ್ನನ್ನು ಬದಿಗೆ ಕರೆದು. "ಗೆರೆ ದಪ್ಪ ಇರೋ ಕಡೆ ಮೊದಲು ದಾರಿ. ಮುಂದಿನ ಸರ್ವೆಯಲ್ಲಿ ಸೈಕಲ್ ಅಂತಲೇ ಕೇಳ್ತೀನಿ, ಪ್ರಾಮಿಸ್."

ಮನೆಗೆ ಬಂದು ಉಪ್ಪನಿಗೆ ಹೇಳಿದೆ. "ಹಾಗಾದ್ರೆ ನಾನು ಸೈಕಲ್ ಬಿಡುದೇ ಇಲ್ಲ ಅಂತ ಸರ್ಕಾರಕ್ಕೆ ಗೊತ್ತಾಯ್ತು," ಎಂದರು. "ಮತ್ತೆ ಈ ಮೊಣಕಾಲು ನೋವುದು ಯಾರದ್ದು?" ನಾನು ಸಿಟ್ಟಿನಲ್ಲಿದ್ದೆ. ಅವರು ತಟ್ಟೆಯತ್ತ ನೋಡುತ್ತ ಮೆಲ್ಲಗೆ ಸೇರಿಸಿದರು: "ಆ ಹುಡುಗಿಯ ಹತ್ರ ಜಗಳ ಮಾಡ್ಬೇಡ ವಕೀಲೆ. ತಪ್ಪು ಹೇಳಿದ್ದು ನಾನಲ್ವಾ."

ಮುಂದಿನ ಸರ್ವೆ ಬರುವ ಮೊದಲೇ ಉಪ್ಪ ಹೋದರು. ಆಚೆಯ ಫ್ಲ್ಯಾಟಿಗೆ ನೀರು ಕೊಟ್ಟು, ಖಾಲಿ ಕ್ರೇಟಿನೊಂದಿಗೆ ವಾಪಸ್ ಬರುವಾಗ, ಅದೇ ದೊಡ್ಡ ರಸ್ತೆಯಲ್ಲಿ. ಇಲ್ಲಿಯ ಮಣ್ಣಿನಲ್ಲೇ ಮಣ್ಣು ಮಾಡಿದೆವು.

ಪೊಲೀಸರು ಸೈಕಲ್ ಹಿಂದಿರುಗಿಸಿದಾಗ ಲೈಟು ಇನ್ನೂ ಕ್ರೇಟಿನ ಕೆಳಗೇ ಇತ್ತು. ಒತ್ತಿದೆ, ಮಿನುಗಿತು. ಅಂದು ಸಂಜೆ ಉಪ್ಪ ಅದನ್ನು ಹಚ್ಚಿದ್ದರೆಂದು ಇದರಿಂದ ಸಾಬೀತಾಗುವುದಿಲ್ಲ, ನನಗೆ ಗೊತ್ತು. ಎದುರು ಪಕ್ಷದಲ್ಲಿ ಕೂತಿದ್ದರೆ ನಾನೇ ಇನ್ನೊಂದೂ ಕೇಳುತ್ತಿದ್ದೆ: ರಸ್ತೆಗೆ ಬಳಿದ ಬಣ್ಣ ಕಾರನ್ನು ತಡೆಯುತ್ತಿತ್ತೇ? ಗೊತ್ತಿಲ್ಲ. ಎರಡೂ ಕಡೆಯಿಂದ ವಾದಿಸಲು ಕಲಿತವಳಿಗೆ ಅಳಲು ಕೂಡ ಒಂದು ಕಡೆ ಸಿಗುವುದಿಲ್ಲ. ಆ ಲೈಟನ್ನು ಆರಿಸಲು ನನ್ನಿಂದಾಗಲಿಲ್ಲ. ಬಾಲ್ಕನಿಯಲ್ಲಿ ಅದು ಬ್ಯಾಟರಿ ತೀರುವವರೆಗೂ ಮಿನುಗುತ್ತಿತ್ತು.

ಅಕ್ಕ ಮನೆಗೆ ಬಂದರು. ಗಂಡ ತೀರಿದ ಮೇಲೆ ಮನೆಯೊಳಗೇ ಕೂರುವ ಇದ್ದತ್‌ನಲ್ಲಿದ್ದ ಉಮ್ಮನ ಪಕ್ಕ ನೆಲದ ಮೇಲೆ ಕೂತರು. ಉಮ್ಮ ಹೇಳಿದ್ದಕ್ಕೆ ನಾನು ಲಬನ್ ತಂದುಕೊಟ್ಟೆ. ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ. ಏನಾದರೂ ಒಳ್ಳೆಯದನ್ನು ಹೇಳಲೇಬೇಕೆಂಬಂತೆ ಫೋನ್ ತೆಗೆದರು.

"ಅಂಕಲ್ ರಸ್ತೆ ಈಗ ನಕ್ಷೆಯಲ್ಲಿ ಬಂದಿದೆ ಕಣೇ. ಆ್ಯಕ್ಸಿಡೆಂಟ್ ಡೇಟಾ ತಾನಾಗೇ ಬಂದು ಸೇರತ್ತೆ. ಇನ್ಮೇಲೆ ಅಲ್ಲಿ ಕ್ರಾಸಿಂಗ್ ಬೇಕು ಅಂತ ನಾನು ಗಟ್ಟಿಯಾಗಿ ಕೇಳಬಹುದು."

ಉಮ್ಮ ಬಗ್ಗಿ ನೋಡಿದರು. "ಇದರಲ್ಲಿ ನಮ್ಮ ಅಂಗಡಿ ಯಾವುದು ಮಗಾ?"

ಅಕ್ಕ ಬೆರಳಿಟ್ಟು ತೋರಿಸಿದರು. ರಸ್ತೆ ಇನ್ನೂ ಬೆಳ್ಳಗೇ ಇತ್ತು, ನೀಲಿಯ ಒಂದು ಎಳೆಯೂ ಇಲ್ಲ. ಅದರ ಮೇಲೆ ಒಂದು ಕೆಂಪು ಚುಕ್ಕೆ.

ಜಗಳ ಮಾಡಬೇಡ ಎಂದಿದ್ದರು ಉಪ್ಪ. ದನಿ ಏರಿಸದೆಯೇ ಕೇಳಿದೆ.

"ಅಕ್ಕಾ, ನಿಮ್ಮ ನಕ್ಷೆಯ ಪ್ರಕಾರ ಈ ರಸ್ತೆಯಲ್ಲಿ ಸೈಕಲ್ ಓಡಿಸುವವರೇ ಇಲ್ಲ. ಹಾಗಾದ್ರೆ ಇಲ್ಲಿ ಸತ್ತದ್ದು ಯಾರು?"