ಅಖಾಡಕ್ಕೆ ಬೆನ್ನು ಹಾಕಿ ನಿಂತವನು

ಭಾನುವಾರ, ಮಧ್ಯಾಹ್ನ ಮೂರೂವರೆ. ಬರೆಯಲು ಕೂತಾಗ ರಾಗಿಗುಡ್ಡದ ಕಡೆಯ ಬಯಲಿನಿಂದ ಆಟ ನೋಡುವವರ ಕೂಗು ಗಾಳಿಯಲ್ಲಿ ಬರುತ್ತಿದೆ. ಏಳುತ್ತದೆ, ಇಳಿಯುತ್ತದೆ. ಇಳಿಯುವುದು ಸ್ವಲ್ಪ ತಡವಾದರೂ ನನ್ನ ಲೇಖನಿ ನಿಲ್ಲುತ್ತದೆ. ಆ ಕೂಗಿನ ಅಡಿಯಲ್ಲಿ ಯಾರೋ ಸೀಟಿ ಊದುತ್ತಿದ್ದಾರೇನೋ ಎಂದು ಕಿವಿಗೊಟ್ಟು ಕಾಯುತ್ತೇನೆ.

ತಾಯಿ ತೀರಿಕೊಂಡ ಮೇಲೆ ನಾನು ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯವರ ಸಾಲುಮನೆಯಲ್ಲಿ, ಅಜ್ಜಿ ಮತ್ತು ಇಬ್ಬರು ಸೋದರಮಾವಂದಿರ ಜೊತೆ. ದೊಡ್ಡವನು ತಿಮ್ಮಣ್ಣಮಾವ; ಕ್ರೇನಿನವನಿಗೆ ಕೆಳಗಿನಿಂದ ಕೈಸನ್ನೆ ಕೊಡುವುದು ಅವನ ಕೆಲಸ. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅಂಗೈ ಮೇಲಕ್ಕೆತ್ತಿದರೆ ಎತ್ತು, ಎರಡೂ ಕೈ ಅಡ್ಡ ಹಿಡಿದರೆ ನಿಲ್ಲಿಸು. ಊಟಕ್ಕೆ ಕೂತರೂ ಅದೇ ಅಭ್ಯಾಸ. ಅಂಗೈ ಎತ್ತಿದರೆ ಅಜ್ಜಿ ಸಾರು ಬಡಿಸಬೇಕು, ಕೈ ಅಡ್ಡ ಹಿಡಿದರೆ ಸಾಕು. "ಬಾಯಿ ಏನಾಗಿದ್ಯೋ ಮಾರಾಯ, ನಾನೇನು ನಿನ್ನ ಕ್ರೇನಾ?" ಎಂದು ಅಜ್ಜಿ ಸೌಟು ಹಿಡಿದೇ ಗದರಿದರೆ, ಚಿಕ್ಕವನು ರಂಗಮಾವ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದ. ರಂಗಮಾವ ಪೈಲ್ವಾನ. ಗರಡಿಯಿಂದ ಅವನು ಬರುವಾಗ ಎಣ್ಣೆ, ಅರಿಸಿನ ಬೆರೆತ ಕೆಮ್ಮಣ್ಣಿನ ವಾಸನೆ ಅವನಿಗಿಂತ ಮೊದಲೇ ಹೊಸಿಲು ದಾಟುತ್ತಿತ್ತು.

ಅವನ ಕುಸ್ತಿ ಇದ್ದಲ್ಲೆಲ್ಲ ಕಾರ್ಖಾನೆಯ ಜನ ಒಂದೇ ಕಡೆ ಕೂರುತ್ತಿದ್ದರು. ಅವರನ್ನು ಕೂಗಿಸುವವನು ತಿಮ್ಮಣ್ಣಮಾವ. ತಮಿಳಿನವರು, ತೆಲುಗಿನವರು, ನಮ್ಮವರು, ಎಲ್ಲರಿಗೂ ಆ ಸನ್ನೆ ಗೊತ್ತು. ಅವನ ಅಂಗೈ ಏರಿದಂತೆ ಕೂಗೂ ಏರುತ್ತಿತ್ತು. ಜನರ ಕಡೆ ಮುಖ ಮಾಡಿ ಅಖಾಡಕ್ಕೆ ಬೆನ್ನು ಹಾಕಿ ನಿಲ್ಲಬೇಕಾಗಿದ್ದರಿಂದ ತಮ್ಮನ ಒಂದು ಪಟ್ಟನ್ನೂ ಅವನು ಕಂಡವನಲ್ಲ. ದಿನಚರಿಯಲ್ಲಿ ಗೆಲುವಿಗೊಂದು ಗೀಟು ಎಳೆಯುತ್ತಿದ್ದ ನನ್ನನ್ನೇ ಕೂರಿಸಿಕೊಂಡು, ಹೇಗೆ ಗೆದ್ದ ಎಂದು ಕೇಳುತ್ತಿದ್ದ.

ಯುದ್ಧ ಶುರುವಾದ ವರ್ಷ ಶಿವಮೊಗ್ಗದ ಪೈಲ್ವಾನನೊಬ್ಬನ ಜೊತೆ ರಂಗಮಾವನ ಕುಸ್ತಿ ಗೊತ್ತಾಯಿತು. ಅಖಾಡ ತುಂಗೆಯ ದಂಡೆಯಲ್ಲಿ. ನಮ್ಮವರೆಲ್ಲ ರೈಲಿನಲ್ಲಿ ಹೋದೆವು. ಅಜ್ಜಿ, ನಾನು ಆಚೆ ನಿಂತಿದ್ದ ಗಾಡಿಯೊಂದನ್ನು ಹತ್ತಿ ಕೂತೆವು. ಎದುರುಗಡೆ ಶಿವಮೊಗ್ಗದವರು ಹಲಗೆ ಬಡಿಯುತ್ತಿದ್ದರು. ಎರಡು ಕಡೆಯ ಕೂಗು ಒಂದನ್ನೊಂದು ತುಳಿಯುತ್ತ ಏರಿತು. ಅಜ್ಜಿ ನನ್ನ ರಟ್ಟೆ ಹಿಡಿದು, "ಇವರ ಕೂಗು ಸರಿಯಿಲ್ಲ ಕಣೆ. ಮನೆಗೆ ಹೋಗಣ ಅನ್ನು ನಿನ್ನ ಮಾವಂಗೆ" ಎಂದಳು. ಅಷ್ಟರಲ್ಲಿ ರಂಗಮಾವ ಬೋರಲು ಬಿದ್ದಿದ್ದ. ಮೇಲಿದ್ದವನ ತೋಳು ಅವನ ಕುತ್ತಿಗೆಯನ್ನು ಬಳಸಿತ್ತು. ಸೋತೆ, ಬಿಡು ಎಂಬಂತೆ ರಂಗಮಾವನ ಅಂಗೈ ಮಣ್ಣನ್ನು ಬಡಿಯತೊಡಗಿತು. ಕುಸ್ತಿ ನಡೆಸುತ್ತಿದ್ದ ಪಂಚರು ಕೆನ್ನೆ ಉಬ್ಬಿಸಿ ಸೀಟಿ ಊದಿದ್ದು ಕಂಡಿತು, ಕೇಳಿಸಲಿಲ್ಲ. ನಮ್ಮವರ ಮುಖಗಳಲ್ಲಿ ಏನೋ ಕಂಡು ತಿಮ್ಮಣ್ಣಮಾವ ಮೊದಲ ಸಲ ಹಿಂತಿರುಗಿ ನೋಡಿದ. ಮತ್ತೆ ಜನರ ಕಡೆ ತಿರುಗಿ ಎರಡೂ ಕೈ ಅಡ್ಡ ಹಿಡಿದ. ನಮ್ಮ ಕಡೆ ಒಮ್ಮೆಲೇ ಸ್ತಬ್ಧವಾಯಿತು. ಭದ್ರಾವತಿ ಸೋಲೊಪ್ಪಿತು ಅಂದುಕೊಂಡರೋ ಏನೋ, ಎದುರಿನವರು ಎದ್ದು ನಿಂತು ಇಮ್ಮಡಿಯಾಗಿ ಅಬ್ಬರಿಸಿದರು. ಆ ಅಬ್ಬರಕ್ಕೆ ಮೇಲಿದ್ದವನು ಇನ್ನೂ ಬಿಗಿದ. ಪಂಚರು ಓಡಿಬಂದು ಅವನ ತೋಳು ಬಿಡಿಸುವ ಹೊತ್ತಿಗೆ ರಂಗಮಾವನ ಕೈ ಬಡಿಯುವುದನ್ನು ನಿಲ್ಲಿಸಿತ್ತು. ಅವನು ಉಳಿಯಲಿಲ್ಲ.

ತಿಮ್ಮಣ್ಣಮಾವ ಅದರ ಮಾತೆತ್ತಿದ್ದು ಒಂದೇ ಸಲ. "ನಾನು ನಮ್ಮೋರ್ನ ಸುಮ್ಮನಿರಿಸ್ದೇ ಇದ್ದಿದ್ರೆ, ಅವ್ರು ಅಷ್ಟು ಕೂಗ್ತಿರ್ಲಿಲ್ಲ, ಅಲ್ವೇನೆ?" ಆಮೇಲೆ ಅವನು ಊಟದಲ್ಲೂ ಕೈ ಅಡ್ಡ ಹಿಡಿಯಲಿಲ್ಲ. ಅಜ್ಜಿ ಬಡಿಸುತ್ತ ಹೋಗಿ, ಸಾರು ಎಲೆ ದಾಟಿ ಹರಿಯುವುದನ್ನು ಕಂಡು ತಾನೇ ಕೈ ಹಿಂದೆಗೆಯುತ್ತಿದ್ದಳು. ಈಗ ಇಬ್ಬರೂ ಇಲ್ಲ. ಆ ಮನೆಯಲ್ಲಿ ಬೇರೆ ಯಾರದೋ ಒಲೆ ಉರಿಯುತ್ತಿದೆ.

ಅಂದು ಎದುರುಗಡೆ ಕೂತಿದ್ದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ದೂರುವುದಕ್ಕಲ್ಲ. ನಾವು ಸುಮ್ಮನಾದದ್ದು ನಿಮಗೆ ತಿಳಿದಿತ್ತೇ? ಅಥವಾ ಅಷ್ಟು ಹೊತ್ತಿಗಾಗಲೇ ನಿಮ್ಮ ಕೂಗನ್ನು ಬಿಟ್ಟು ನಿಮಗೆ ಬೇರೇನೂ ಕೇಳಿಸುತ್ತಿರಲಿಲ್ಲವೇ? ತಿಮ್ಮಣ್ಣಮಾವನಿಗೆ ನಾನು ಹೇಳಬೇಕಾಗಿದ್ದ ಉತ್ತರ ನಿಮ್ಮ ಹತ್ತಿರವೇ ಇದೆ.