ಕೋಳಿ ತಿನ್ನದವರಿಗೂ ಬಂದ ಜಡ್ಡು

ನಿನ್ನೆ ಸಂಜೆ ನಮ್ಮ ಓಣಿಗೆ ಸೊಳ್ಳೆಯ ಹೊಗೆ ಬಿಡುವ ಗಾಡಿ ಬಂದಿತ್ತು. ಎಲ್ಲರೂ ದಬದಬನೆ ಕಿಟಕಿ ಹಾಕಿಕೊಂಡರು. ನಾನೊಬ್ಬಳು ಬಾಲ್ಕನಿಯಲ್ಲಿ ನಿಂತು ಆ ವಾಸನೆಗೆ ಮೂಗರಳಿಸಿದೆ. ಆರೋಗ್ಯಕ್ಕೆ ಒಳ್ಳೆಯದಲ್ಲ, ನೀವು ಹಾಗೆ ಮಾಡಬೇಡಿ. ಆದರೆ ಮಲ್ಲಿಗೆಯ ವಾಸನೆಗೆ ತವರು ನೆನಪಾಗುವವರಿದ್ದಾರೆ. ನನಗೆ ಈ ಹೊಗೆಗೆ ಸವದತ್ತಿ ನೆನಪಾಗುತ್ತದೆ. ಅವರವರ ಹಣೆಬರಹ.

ಸವದತ್ತಿಯ ಸಾಲೆಗೆ ಶಿಕ್ಷಕಿಯಾಗಿ ಹೋದ ಹೊಸತರಲ್ಲಿ ನಾನಿದ್ದದ್ದು ಸೋದರತ್ತೆ ಪಾರವ್ವನ ಮನೆಯಲ್ಲಿ. ಅತ್ತೆಗೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ನೀರಿತ್ತು. ನಗಬೇಡಿ. ಮಲಪ್ರಭೆಯ ಡ್ಯಾಮು ಅಲ್ಲೇ ಹತ್ತಿರ, ಆದರೂ ನಮ್ಮ ಓಣಿಯ ನಳಕ್ಕೆ ನೀರು ಬರುತ್ತಿದ್ದದ್ದು ಅದಕ್ಕೆ ಮನಸ್ಸಾದಾಗ. ಹಾಗಾಗಿ ಅತ್ತೆ ಬಂದ ದಿನ ಸಿಕ್ಕಿದ್ದರಲ್ಲೆಲ್ಲ ತುಂಬಿಡುತ್ತಿದ್ದಳು. ತಾಮ್ರದ ಹಂಡೆ, ಸಿಮೆಂಟಿನ ಟಾಕಿ, ಅಂಗಳದ ನೀಲಿ ಬ್ಯಾರಲ್ಲುಗಳು, ಕೊಡ, ಬೋಗುಣಿ, ಕಡೆಗೆ ಕುಕ್ಕರು ಸಹ. ಒಂದು ದಿನ ನಾನು ಚಹಾಕ್ಕೆ ಪಾತ್ರೆ ಹುಡುಕಿ ಸೋತು, "ಅತ್ತಿ, ಚಾ ಮಾಡಾಕ ಒಂದೂ ಪಾತ್ರಿ ಖಾಲಿ ಇಲ್ಲ" ಎಂದೆ.

"ನೀರ ಐತಲ್ಲ, ಮತ್ತೇನ ಬೇಕ ನಿನಗ?" ಎಂದಳು.

ಗೋಡೆಗೆ ಗೋಡೆ ಹಚ್ಚಿದಂತೆ ದಸ್ತಗೀರನ ಮನೆ. ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಕೋಳಿ ಅಂಗಡಿ. ಅತ್ತೆಗೂ ಅವನಿಗೂ ಹಳೆಯ ಬಳಕೆ, ಆದರೆ ಕರಾರಿನ ಮೇಲೆ: ಅಂಗಡಿಯಿಂದ ಬಂದವನು ಜಳಕ ಮಾಡಿ ಅಂಗಿ ಬದಲಿಸಿಯೇ ನಮ್ಮ ಕಟ್ಟೆಯ ಮೇಲೆ ಕೂರಬೇಕು. ಅವನೂ ಅದನ್ನು ತಪ್ಪಿಸಿದವನಲ್ಲ. "ಹುಡುಗ ಬಂಗಾರದಂಥಾಂವ, ದಂಧೆ ಒಂದ ಹಂಗ" ಎಂದು ಅತ್ತೆ ಮರುಗುತ್ತಿದ್ದಳು.

ಆ ವರ್ಷದ ಮಳೆಗಾಲದಲ್ಲಿ ಜಡ್ಡು ಬಂತು. ಮೊದಲು ಮೈ ಸುಡುವ ಜ್ವರ, ಆಮೇಲೆ ಕೀಲುಕೀಲಿಗೆ ನೋವು. ವಾರದೊಳಗೆ ಓಣಿಯ ತುಂಬ ಬಗ್ಗಿ ನಡೆಯುವ ಮಂದಿ. ನಿನ್ನೆಯವರೆಗೆ ಎದೆ ಸೆಟೆಸಿ ತಿರುಗುತ್ತಿದ್ದ ಪೈಲವಾನನೊಬ್ಬ ಕಳೆದ ಕಾಸು ಹುಡುಕುವವನಂತೆ ನೆಲ ನೋಡುತ್ತ ನಡೆದ. ನಮ್ಮ ಹೆಡ್‌ಮಾಸ್ತರರು ಪ್ರಾರ್ಥನೆಗೆ ಮುಗಿದ ಕೈಯನ್ನು ಬಿಡಿಸಲಾರದೆ ಹಾಗೆಯೇ ಆಫೀಸಿಗೆ ಹೋದರು. ದಾರಿಯಲ್ಲಿ ಸಿಕ್ಕವರೆಲ್ಲ ತಿರುಗಿ ನಮಸ್ಕಾರ ಮಾಡಿದರು.

ಡಾಕ್ಟರು ಇದಕ್ಕೆ ಚಿಕೂನ್‌ಗುನ್ಯಾ ಎಂದರು. ಊರಿನ ಕಿವಿಗೆ ಬಿದ್ದದ್ದು ಚಿಕನ್‌ಗುನ್ಯಾ. ಮುಗಿಯಿತು, ದಸ್ತಗೀರನ ಅಂಗಡಿಯತ್ತ ನರಪಿಳ್ಳೆ ಸುಳಿಯಲಿಲ್ಲ. ಗೂಡಿನೊಳಗೆ ಕೋಳಿಗಳು ಕಾಳು ತಿಂದು ತಿಂದು ಕೊಬ್ಬಿದವು. ಅವುಗಳ ಕುಲಕ್ಕೆ ಅಂಥ ಸುಖದ ದಿನ ಹಿಂದೆಂದೂ ಬಂದಿರಲಿಕ್ಕಿಲ್ಲ.

ಅತ್ತೆ ನಿಶ್ಚಿಂತೆಯಾಗಿದ್ದಳು. "ನಾವೇನ ಕೋಳಿ ತಿಂತೇವಿ? ನಮಗ್ಯಾಕ ಬರ್ತೈತಿ?"

ಒಂದು ಮುಂಜಾನೆ ಸರಕಾರಿ ದವಾಖಾನೆಯ ನರ್ಸಬಾಯಿ ಟಾರ್ಚು ಹಿಡಿದು ಬಂದು ನಮ್ಮ ಬ್ಯಾರಲ್ಲಿನೊಳಗೆ ಬೆಳಕು ಬಿಟ್ಟಳು. "ನೋಡ್ರಿ ಅವ್ವಾರ, ಹುಳಾ ಹ್ಯಾಂಗ ಕುಣ್ಯಾಕ ಹತ್ಯಾವ. ಇವ ಮುಂದ ಸೊಳ್ಳಿ ಆಗ್ತಾವ. ವಾರಕ್ಕೊಮ್ಮಿ ಎಲ್ಲಾ ಚೆಲ್ಲಿ, ತಿಕ್ಕಿ, ಒಣಗಸ್ರಿ."

"ಚೆಲ್ಲಬೇಕ? ನೀರು?" ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಸೊಳ್ಳಿ ಹುಟ್ಟೂದು ಗಟಾರದಾಗ. ನಮ್ಮದು ಶುದ್ಧ ನೀರ ಐತಿ."

"ಈ ಸೊಳ್ಳಿ ಶುದ್ಧ ನೀರಾಗ ಹುಟ್ತಾವ್ರಿ."

"ಹಂಗಾರ ಅವೂ ಮಡಿಲೆ ಇರ್ತಾವ ಅಂತಾತು. ಇರ್ಲಿ ಬಿಡು."

ಅಂದು ಸಂಜೆ ದಸ್ತಗೀರ ಬಂದ. ಊರಿಗೆಲ್ಲ ತಿಳಿಸಿ ಹೇಳಲು ಆಟೋಕ್ಕೆ ಮೈಕು ಕಟ್ಟಿಸಿದ್ದ. "ಅಕ್ಕೋರ, ನಾಕ ಸಾಲ ಬರದ ಕೊಡ್ರಿ" ಎಂದ. ನಾನು ಹುರುಪಿನಿಂದ ಬರೆದೆ: "ನಾಗರಿಕ ಬಂಧುಗಳೇ, ಕೀಟಜನ್ಯ ಜ್ವರದ ನಿರ್ಮೂಲನಾರ್ಥ ಸಂಗ್ರಹಿತ ಜಲವನ್ನು..." ಅವನು ತುಟಿ ಅಲುಗಿಸುತ್ತ ಪೂರ್ತಿ ಓದಿ, "ಛಲೋ ಐತ್ರಿ. ಆದ್ರ ಇದರಾಗ ಕೋಳಿದೇನ ತಪ್ಪಿಲ್ಲ ಅಂತ ಎಲ್ಲೆ ಬಂತ್ರಿ?" ಎಂದು ಕೇಳಿದ. ಎಲ್ಲಿಯೂ ಬಂದಿರಲಿಲ್ಲ. ಚೀಟಿಯನ್ನು ಗೌರವದಿಂದ ಜೇಬಿಗಿಟ್ಟುಕೊಂಡು, ಮರುದಿನ ತನ್ನ ಮಾತಿನಲ್ಲೇ ಊರು ಸುತ್ತಿದ.

"ಸೊಳ್ಳಿ ಕಡದ್ರ ಬರ್ತೈತಿ, ಕೋಳಿ ತಿಂದ್ರ ಬರೂದಿಲ್ಲ! ನೀರ ಮುಚ್ಚಿಡ್ರಿ!" ನರ್ಸಬಾಯಿಗೆ ಇಂಥ ಉತ್ಸಾಹದ ಜೊತೆಗಾರ ಹಿಂದೆ ಸಿಕ್ಕಿರಲಿಲ್ಲ, ಅವಳೂ ಆಟೋ ಏರಿದಳು. ಜನ ಕೇಳಿದರು, ನಕ್ಕರು. "ಕೋಳಿ ಮಾರಾಂವ ಮತ್ತೇನ ಹೇಳ್ಯಾನು?"

ಅಷ್ಟರಲ್ಲಿ ಅತ್ತೆಗೇ ಜಡ್ಡು ಬಂತು.

ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ನರಳಲೂ ಇಲ್ಲ. ಮೊದಲು ನನಗೆ ಹೇಳಿದ್ದು, "ತಂಗಿ, ಬಾಗಿಲಾ ಹಾಕು." ಬಾಗಿಲು ಹಾಕಿದರೆ ಸುದ್ದಿ ನಿಲ್ಲುತ್ತದೆಯೇ? ಮಾತಾಡಿಸಲು ಬಂದ ಹೆಂಗಸರು ಒಂದು ಕಣ್ಣು ಅತ್ತೆಯ ಮೇಲೆ, ಇನ್ನೊಂದು ಕಣ್ಣು ಅಡುಗೆಮನೆಯ ಮೂಲೆಯ ಮೇಲೆ ಇಟ್ಟರು, ಎಲುಬು ಏನಾದರೂ ಕಾಣುವುದೇನೋ ಎಂದು. ಮೂಲೆಮನೆಯಾಕೆಯಂತೂ ಕೇಳಿಯೇ ಬಿಟ್ಟಳು: "ಪಾರವ್ವಾ, ಬಾಜೂ ಮನಿಯಿಂದ ಎಂದರ ತಪ್ಪಿ ಒಂದ ತುಣುಕ..."

ಅವರು ಹೋದ ಮೇಲೆ ಅತ್ತೆ ಅತ್ತಳು. ನಾನು ನಗಲು ಹೊರಟವಳು ಅವಳ ಮುಖ ನೋಡಿ ಸುಮ್ಮನಾದೆ. "ಗಂಡ ಹೋದ ಮ್ಯಾಲೆ ಈ ಓಣ್ಯಾಗ ತಲಿ ಎತ್ತಿ ಬಾಳೇನಿ. ಈಗ ಕೋಳಿ ತಿಂದಾಕಿ ಅನ್ನೂ ಹೆಸರ ಹೊತ್ತ ಸಾಯ್ಲೇನ?" ನಮಗೆ ನಗೆ ಎನಿಸುವುದು ಒಬ್ಬಳ ಇಡೀ ಜನ್ಮದ ಗಳಿಕೆಯಾಗಿರಬಹುದು, ನೋಡಿ.

ಮರುದಿನ ನಾನೂ ಮಲಗಿದೆ. ಬೆರಳು ಮಡಚಲು ಬಾರದು. ರೊಟ್ಟಿ ಬಡಿಯುವವರು ಯಾರು? ಓಣಿಯಲ್ಲಿ ಕೈ ನೆಟ್ಟಗಿದ್ದ ಹೆಂಗಸರು ಎಣಿಸುವಷ್ಟೇ. ಅವರೆಲ್ಲ ಮನೆ ಹಂಚಿಕೊಂಡು ಉಳಿದವರಿಗೆ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಪಾಲಿಗೆ ಬಂದವಳು ದಸ್ತಗೀರನ ಹೆಂಡತಿ ಜೈತುನ್. ಹಿತ್ತಲ ಬಾಗಿಲಲ್ಲಿ ನಿಂತು, "ಜಳಕಾ ಮಾಡೇ ಬಂದೇನ್ರಿ ಅವ್ವಾರ. ಹಿಟ್ಟ ನಿಮ್ಮದು, ಹಂಚ ನಿಮ್ಮದು. ಕೈ ಅಷ್ಟ ನಂದು" ಎಂದಳು.

ಅತ್ತೆ ಗೋಡೆಯತ್ತ ಹೊರಳಿದಳು. ಜೈತುನ್ ಒಳಗೆ ಬಂದು ಒಲೆ ಹೊತ್ತಿಸಿದಳು. ಟಪಟಪ ಸದ್ದು ಶುರುವಾಯಿತು, ಬಿಸಿ ಜೋಳದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆಯಿಂದ ಮಾತು ಬಂತು: "ತೆಳ್ಳಗ ಬಡಿ. ಸದ್ದ ಕೇಳಿದ್ರ ದಪ್ಪ ಆಗಾಕ ಹತ್ಯಾವ ಅನಸ್ತೈತಿ."

ಜೈತುನ್ ನನ್ನ ಕಡೆ ನೋಡಿ ನಕ್ಕಳು. ಅತ್ತೆ ತಪ್ಪು ಹುಡುಕತೊಡಗಿದಳೆಂದರೆ ಒಪ್ಪಿಕೊಂಡಳೆಂದೇ ಅರ್ಥ.

ಓಣಿಯ ಗುಸುಗುಸು ಜೈತುನ್ ಬಾಯಿಂದ ದಸ್ತಗೀರನಿಗೆ ತಲುಪಿತು. ಮರುದಿನ ಆಟೋ ನೇರವಾಗಿ ನಮ್ಮ ಮನೆಯ ಮುಂದೆ ನಿಂತಿತು.

"ಕೇಳ್ರಿ! ಕೇಳ್ರಿ! ನಮ್ಮ ಪಾರವ್ವಾರು ಹುಟ್ಟಿದಾಗಿಂದ ಕೋಳಿ ಮುಟ್ಟಿಲ್ಲ! ನನ್ನ ಅಂಗಡಿ ಮುಂದ ಹಾದ್ರ ಮೂಗಿಗೆ ಸೆರಗ ಹಿಡದ ಹೋಗ್ತಾರ! ಮಾರಾಂವ ನಾನು, ಯಾರ ತಿಂತಾರ, ಯಾರ ತಿನ್ನೂದಿಲ್ಲ, ನನಗ ಗೊತ್ತಿಲ್ಲೇನ್ರಿ? ಇಂಥಾವ್ರಿಗೂ ಜಡ್ಡ ಬಂದೈತಿ ಅಂದ್ರ ಅದು ಕೋಳಿದಲ್ಲ, ಸೊಳ್ಳಿದು!"

ಯಾರು ತಿನ್ನುತ್ತಾರೆಂಬುದೂ ಅವನಿಗೆ ಗೊತ್ತಿದೆ ಎಂಬುದು ಕೆಲವರಿಗೆ ಆಗಲೇ ಹೊಳೆದಿರಬೇಕು. ಒಂದೆರಡು ಕಿಟಕಿ ಮೆಲ್ಲಗೆ ಮುಚ್ಚಿಕೊಂಡವು. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ತಂಗಿ, ಇನ್ನೊಮ್ಮಿ ಹೇಳಂತ ಹೇಳು ಅವಗ. ಮೂಲಿಮನಿಯಾಕಿಗೆ ಕೇಳಿಸಿರಾಕಿಲ್ಲ."

ಇನ್ನೊಮ್ಮೆ ಹೇಳಿಯೇ ದಸ್ತಗೀರ ಒಳಗೆ ಬಂದ. "ಅವ್ವಾರ, ನಿಮ್ಮ ಮಾನ ನಾ ಉಳಿಸೇನಿ. ನನ್ನ ದಂಧೆ ನೀವ ಉಳಸ್ರಿ. ಬ್ಯಾರಲ್ಲ ಬರಿದ ಮಾಡೂನೇನ್ರಿ?"

ಅತ್ತೆ ಅಂಗಳದ ಬ್ಯಾರಲ್ಲುಗಳ ಕಡೆ ಕತ್ತು ಹೊರಳಿಸಿದಳು. "ಗಿಡಕ್ಕ ಹಾಕ್ರಿ. ಒಂದ ಹನಿ ಗಟಾರಕ್ಕ ಹೋತಂದ್ರ ಎದ್ದ ಬರತೇನಿ ನೋಡ." ಏಳಲಾರಳೆಂಬುದು ಎಲ್ಲರಿಗೂ ಗೊತ್ತಿತ್ತು, ಆದರೂ ಒಂದು ಹನಿ ಗಟಾರಕ್ಕೆ ಹೋಗಲಿಲ್ಲ. ಓಣಿಯ ಬೇವಿನಮರ, ಮಲ್ಲಿಗೆ ಬಳ್ಳಿ, ಯಾರೂ ಕೇಳದ ಎಕ್ಕೆಗಿಡ ಎಲ್ಲವೂ ಅಂದು ಹೊಟ್ಟೆತುಂಬ ಕುಡಿದವು. ನಳ ಬರುವವರೆಗೆ ಮನೆಗೊಂದು ಕೊಡದಂತೆ ನೀರು ನಮಗೆ ಬಂತು. ಮೂಲೆಮನೆಯಾಕೆಯೂ ತಂದಳು, ಅತ್ತೆ ಅದನ್ನು ಹಾಸಿಗೆಯ ಹತ್ತಿರ ತರಿಸಿ, ಹುಳ ಇಲ್ಲವೆಂದು ನೋಡಿಯೇ ಇಳಿಸಿಕೊಂಡಳು.

ಅಂದಿನಿಂದ ಅತ್ತೆ ಬೇರೆಯವಳೇ ಆದಳು. ಮಾವನ ಹಳೆಯ ಧೋತರಗಳನ್ನು ಬ್ಯಾರಲ್ಲಿನ ಬಾಯಿಗೆ ಬಿಗಿದು ಕಟ್ಟಿಸಿದಳು. ಕೋಲೂರಿ ನಡೆಯುವಂತಾದದ್ದೇ ತಡ, ನರ್ಸಬಾಯಿಯ ಜೊತೆ ಮನೆಮನೆ ಹತ್ತಿ, ತನ್ನ ಅಡುಗೆಮನೆಯಲ್ಲಿ ಎಲುಬು ಹುಡುಕಿದವರ ಹಂಡೆಗಳಲ್ಲಿ ಹುಳ ಹುಡುಕಿದಳು. ಸಿಕ್ಕವು. ಆ ಸಂತೋಷಕ್ಕೇ ಅವಳ ಅರ್ಧ ನೋವು ಇಳಿಯಿತೆಂದು ನನ್ನ ನಂಬಿಕೆ. ಕಡೆಗೊಮ್ಮೆ ಹೊಗೆಯ ಗಾಡಿಯೂ ಓಣಿಗೆ ಬಂತು. ಜಡ್ಡು ಊರು ಬಿಟ್ಟಿತು, ಕೋಳಿಗಳ ಒಳ್ಳೆಯ ದಿನಗಳೂ ಮುಗಿದವು.

ಅತ್ತೆ ಹೋಗಿ ವರ್ಷಗಳಾದವು. ನಾನೀಗ ಧಾರವಾಡದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಇಷ್ಟು ಬರೆದ ಮೇಲೆ ಸುಮ್ಮನೆ ಕೂರಲಾಗದೆ ಇಂದು ಬೆಳಿಗ್ಗೆ ಫ್ರಿಜ್ಜಿನ ಹಿಂದೆ ನೀರು ಸೇರುವ ತಟ್ಟೆ ನೋಡೋಣವೆಂದು ಎದ್ದೆ. ಒಬ್ಬಳಿಂದ ಅದು ಅಲುಗಲಿಲ್ಲ. ಎದುರು ಮನೆಯ ಗಂಟೆ ಒತ್ತಿದೆ. ಆ ಮನೆಯಾಕೆಯೂ ನಾನೂ ಲಿಫ್ಟಿನಲ್ಲಿ ದಿನವೂ ತಲೆಯಲ್ಲಾಡಿಸುತ್ತೇವೆ, ಹೆಸರು ಗೊತ್ತಿಲ್ಲ. ಆಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಇಬ್ಬರೂ ಸೇರಿ ಎಳೆದೆವು. ತಟ್ಟೆಯ ನೀರಿನಲ್ಲಿ ಹುಳಗಳು ಹಾಯಾಗಿ ಕುಣಿಯುತ್ತಿದ್ದವು.

"ಅಯ್ಯ, ನಿಮ್ಮ ಮನ್ಯಾಗರೀ?" ಎಂದಳು. ನಮ್ಮ ಮನೆ ಶುದ್ಧ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

"ನಮ್ಮ ಮನ್ಯಾಗ ರೀ" ಎಂದೆ.

ಆಕೆ ಒಂದು ಗಳಿಗೆ ಹುಳಗಳನ್ನೇ ನೋಡಿದಳು. ಆಮೇಲೆ ನನ್ನ ಮೊಣಕೈ ಹಿಡಿದಳು.

"ಹಂಗಾರ ಬರ್ರಿ, ನಮ್ಮ ಫ್ರಿಜ್ಜೂ ಸರಸೂಣು."