ಬಾಯಿಮಾತಿನ ಅಳತೆ

ನಮ್ಮ ಯಜಮಾನರು ಟೈಲರ್. ನಲವತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಮಷೀನು, ಒಂದೇ ಕುರ್ಚಿ. ಹೆಂಡತಿಯೂ ಒಬ್ಬಳೇ, ಬದಲಾವಣೆ ಅವರಿಗೆ ಆಗಿಬರದ್ದರಿಂದ ನಾನು ಉಳಿದುಕೊಂಡೆ ಅಂತ ನನ್ನ ಅನುಮಾನ. ನಾನು ಮೂಲೆಯಲ್ಲಿ ಕೂತು ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ, ಗಿರಾಕಿಗಳ ಜೊತೆ ಯಜಮಾನರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ.

ಈ ಮಹಾನುಭಾವರು ಗಿರಾಕಿಯ ಮುಖ ನೋಡುವುದಿಲ್ಲ, ಭುಜ ನೋಡಿ ಗುರುತು ಹಿಡಿಯುತ್ತಾರೆ. ದಾರದ ರೀಲುಗಳು ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ ಸಾಲಾಗಿ ನಿಂತಿರಬೇಕು. ಒಂದು ಆಚೀಚೆಯಾದರೆ ಕತ್ತರಿ ಮುಟ್ಟುವುದಿಲ್ಲ. ಎಲ್ಲ ಟೈಲರುಗಳೂ ಕಾಲರಿಗೆ ತಮ್ಮ ಅಂಗಡಿಯ ಲೇಬಲ್ ಹೊಲಿದು ಪುಕ್ಕಟೆ ಪ್ರಚಾರ ಪಡೆಯುತ್ತಾರೆ. ಇವರು ಚುಚ್ಚುತ್ತದೆ ಎಂದು ಅದನ್ನೂ ಹಾಕುವುದಿಲ್ಲ. ತಟ್ಟೆಯಲ್ಲಿ ಒಂದು ಪದಾರ್ಥಕ್ಕೆ ಇನ್ನೊಂದು ತಾಗಿದರೆ ಅಂದಿನ ಊಟ ಅಲ್ಲಿಗೆ ಮುಗಿಯಿತು. ಇದಕ್ಕೆಲ್ಲ ನಾನಿಟ್ಟಿದ್ದ ಹೆಸರು ಕೊಬ್ಬು.

ಇನ್ನೊಂದು ನಿಯಮವೂ ಇದೆ. ಬಾಯಲ್ಲಿ ಹೇಳಿದ ಅಳತೆಗೆ ಬಟ್ಟೆ ಕತ್ತರಿಸುವುದಿಲ್ಲ. ಒಬ್ಬ ದೊಡ್ಡ ಅಧಿಕಾರಿ ತನ್ನ ಸೊಂಟದ ಅಳತೆಯನ್ನು ಫೋನಿನಲ್ಲಿ ಹೇಳಿದಾಗ, ಸೊಂಟವನ್ನೇ ಕಳಿಸಿ ಎಂದುಬಿಟ್ಟಿದ್ದರು.

ಮೊಮ್ಮಗಳಿಗೆ ಮೂರೂವರೆ ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲೆಲ್ಲ ಅಂಗಡಿಯಲ್ಲೇ ಇರುತ್ತಾಳೆ. ಇನ್ನೂ ಒಂದು ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಪಕ್ಕದ ಅಂಗಡಿಯ ಷಟರ್ ಎಳೆದರೆ ಎರಡೂ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುತ್ತಾಳೆ. ಬಂದವರೆಲ್ಲ ಪುಕ್ಕಟೆ ಸಲಹೆ ಕೊಟ್ಟರು: ಮುದ್ದು ಜಾಸ್ತಿಯಾಯಿತು, ತಾಯಿ ಮನೆಯಲ್ಲಿಲ್ಲ ಅದಕ್ಕೇ, ದೊಡ್ಡವಳಾದರೆ ಸರಿಹೋಗುತ್ತದೆ. ಸೊಸೆ ಎಲ್ಲವನ್ನೂ ಕೇಳಿ, ಅತ್ತು, ಕೊನೆಗೆ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರದಿಂದ ಒಂದು ಫಾರ್ಮು ತಂದಳು. ಆ ವರ್ಷ ತರಬೇತಿಗೆ ಹತ್ತೇ ಮಕ್ಕಳಿಗೆ ಜಾಗ. ಹಗಲು ಮಗುವನ್ನು ನೋಡಿಕೊಳ್ಳುವವರೇ ಫಾರ್ಮು ತುಂಬಬೇಕಂತೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಇವರದ್ದು ಅಚ್ಚು ಹಾಕಿದ ಹಾಗೆ. ಆದ್ದರಿಂದ ಇವರೇ ತುಂಬಿದರು. ಸೊಸೆ ಓದದೆ ಕೇಂದ್ರಕ್ಕೆ ಕೊಟ್ಟು ಕೆಲಸಕ್ಕೆ ಓಡಿದಳು.

ವಾರದ ನಂತರ ಉತ್ತರ ಬಂತು. ಫಾರ್ಮಿನ ಪ್ರಕಾರ ಮಗುವಿಗೆ ಅಂಥ ತೊಂದರೆ ಕಾಣುತ್ತಿಲ್ಲ, ಹೆಸರನ್ನು ಪಟ್ಟಿಯ ಕೊನೆಗೆ ಹಾಕಿದ್ದೇವೆ, ಮುಂದಿನ ವರ್ಷ ಬನ್ನಿ. ಜೊತೆಗೆ ಫಾರ್ಮಿನ ನಕಲೂ ಇತ್ತು.

ಓದಿದೆ. ಮಗು ಆಟದ ಸಾಮಾನನ್ನು ಸುಮ್ಮನೆ ಸಾಲಾಗಿ ಜೋಡಿಸುತ್ತದೆಯೇ? ‘ಇಲ್ಲ, ಗುಂಡಿಗಳನ್ನು ಅಚ್ಚುಕಟ್ಟಾಗಿ ಇಡುತ್ತಾಳೆ.’ ಕೆಲವು ಬಟ್ಟೆ ತೊಡಲು ಹಟ ಮಾಡುತ್ತದೆಯೇ? ‘ಇಲ್ಲ, ಲೇಬಲ್ ಕಿತ್ತಿದ್ದೇನೆ.’ ಕರೆದರೆ ತಿರುಗುತ್ತದೆಯೇ? ‘ಕೆಲಸ ಮುಗಿದ ಮೇಲೆ.’ ಮಾತು ತಡವೇ? ‘ನನಗಿಂತ ತಡವಿಲ್ಲ. ನಾನು ಐದನೇ ವರ್ಷಕ್ಕೆ ಆಡಿದ್ದು.’

ಅಂದು ಕೆಲಸಕ್ಕೆ ಹೋಗದ ಸೊಸೆ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಏನು ಬರೆದಿದ್ದೀರಿ ಇದು ಎಂದರೆ, ಒಂದಕ್ಷರ ಸುಳ್ಳಿಲ್ಲ ಎಂದರು. ನಿಜ, ಇರಲಿಲ್ಲ.

“ಒಂದು ಮಾತು ಕೇಳ್ತೀನಿ,” ಎಂದೆ. “ಗಿರಾಕಿ ಬಾಯಲ್ಲಿ ಹೇಳಿದ ಅಳತೆಗೆ ನೀವು ಬಟ್ಟೆ ಕತ್ತರಿಸ್ತೀರಾ?”

ಮಷೀನು ನಿಂತಿತು. ಸಂಜೆ ಆರಕ್ಕೆ ಮೊದಲು ಅದು ನಿಂತದ್ದನ್ನು ನಾನು ಕಂಡಿರಲಿಲ್ಲ. ಟೇಪು ಕೊರಳಲ್ಲೇ ನೇತಾಡುತ್ತಿತ್ತು, ಹಾಗೇ ಮಗುವನ್ನೆತ್ತಿಕೊಂಡು ಹೊರಟರು. ನಾನೂ ಸೊಸೆಯೂ ಹಿಂದೆ ಓಡಿದೆವು.

ಕೇಂದ್ರದಲ್ಲಿ ಮಾತು ಕಲಿಸುವ ಮೇಡಂ ಇದ್ದರು. ಇವರು ಅವರ ಭುಜವನ್ನೇ ನೋಡುತ್ತ ಹೇಳಿದರು: “ನಾನು ಬರೆದದ್ದು ನನ್ನ ಅಳತೆ. ಮಗೂದು ಅಲ್ಲ. ಇವಳನ್ನ ಕೂರಿಸಿಕೊಂಡು ನೀವೇ ನೋಡಿ.”

ಮೇಡಂ ಎರಡು ಗಂಟೆ ನೆಲದ ಮೇಲೆ ಕೂತು ಮಗುವಿನ ಜೊತೆ ಆಡಿದರು. ಆಮೇಲೆ ಆಟಿಸಂ ಎಂದರೇನು ಎಂದು ನಿಧಾನವಾಗಿ ತಿಳಿಸಿದರು. ಇದು ರೋಗವಲ್ಲ, ತಾಯಿಯ ತಪ್ಪೂ ಅಲ್ಲ, ಮಗು ಲೋಕವನ್ನು ಗ್ರಹಿಸುವ ರೀತಿಯೇ ಬೇರೆ. ಬೇಗ ಶುರುಮಾಡಿದಷ್ಟೂ ತನಗೆ ಬೇಕಾದ್ದನ್ನು ತಿಳಿಸಲು ಕಲಿಯುವುದು ಸುಲಭ. ಇನ್ನೂ ತುಂಬದಿದ್ದ ಹತ್ತನೇ ಜಾಗ ನಮ್ಮವಳಿಗೇ ಆಯಿತು. ಸೊಸೆ ಇವರ ಕೈ ಹಿಡಿದುಕೊಂಡಳು. ಇವರು ಸಹಿಸಿಕೊಂಡರು.

ಮನೆಯಲ್ಲಿ ಪಾಲಿಸಲು ಒಂದು ಪಟ್ಟಿ ಕೊಟ್ಟಿದ್ದರು. ಬಂದು ಓದಿದೆ. ಮುಖ ನೋಡೆಂದು ಬಲವಂತ ಮಾಡಬೇಡಿ. ಚುಚ್ಚುವ ಬಟ್ಟೆ ಬೇಡ. ಜೋಡಿಸಿಟ್ಟದ್ದನ್ನು ಕೆದಕಬೇಡಿ. ಊಟದಲ್ಲಿ ಬೆರೆಸಿದ್ದು ಹಿಡಿಸದಿದ್ದರೆ ಬೇರೆಬೇರೆಯಾಗಿ ಕೊಡಿ. ಎಲ್ಲಕ್ಕಿಂತ ಮೊದಲು, ಬೈಯಬೇಡಿ. ಮೊಮ್ಮಗಳಿಗೆ ಇವರು ಇದನ್ನೆಲ್ಲ ಹೇಳಿಸಿಕೊಳ್ಳದೆಯೇ ಮಾಡುತ್ತಿದ್ದರು. ಇವರಿಗೆ ಯಾರೂ ಮಾಡಿರಲಿಲ್ಲ. ಇವರಿಗೂ ಅದೇ ಇದೆಯೋ ಏನೋ, ನನಗೆ ಗೊತ್ತಿಲ್ಲ. ನೋಡದೆ ಹೇಳಲಾರೆ ಎಂದು ಮೇಡಂ ಕೂಡ ಅಂದಿದ್ದರು. ಆದರೆ ನಲವತ್ತು ವರ್ಷ ನಾನು ಆ ಪಟ್ಟಿಯನ್ನು ತಲೆಕೆಳಗಾಗಿ ಪಾಲಿಸಿದ್ದು ಮಾತ್ರ ನಿಜ.

ಅಂದು ಇವರ ಮುಂದೆ ಒಂದರ ಬದಲು ಮೂರು ತಟ್ಟೆ ಇಟ್ಟೆ. ಒಂದೊಂದರಲ್ಲಿ ಒಂದೊಂದೇ ಪದಾರ್ಥ. ಇವರು ಮೂರನ್ನೂ ಒಂದೇ ಗೆರೆಗೆ ಸರಿಸಿಟ್ಟರು.

“ತೊಳೆಯೋಕೆ ಜಾಸ್ತಿ ಆಗುತ್ತಲ್ಲ ನಿನಗೆ,” ಎಂದರು.